ಗಲ್ಲಾ ಹಿಂದೆ ತೂಗಿದ ರೈಲಿನ ಚಕ್ರ

ಮದರಾಸಿನ ಕೋಡಂಬಾಕ್ಕಂನಲ್ಲಿರುವ ನಮ್ಮ ಹೋಟೆಲಿನ ಗಲ್ಲಾ ಹಿಂದಿನ ಗೋಡೆಯ ಮೇಲೆ ಮೊದಲಿನಿಂದಲೂ ಮೂರು ಪಟಗಳು: ಗಣಪತಿ, ಕೃಷ್ಣ, ನನ್ನ ಗಂಡ. ಹೋದ ವರ್ಷ ಅವರ ಪಕ್ಕದಲ್ಲಿ ಒಂದು ರೈಲು ಇಂಜಿನ್ನಿನ ಫೋಟೊ ಬಂದು ಕೂತಿತು. ತೆಗೆದವಳು ನನ್ನ ಮೊಮ್ಮಗಳು.

ಹೊಟ್ಟೆಪಾಡಿಗೆ ಅವಳು ಮದುವೆಗಳ ಫೋಟೊ ತೆಗೆಯುತ್ತಾಳೆ. ಈ ಇಂಜಿನ್ನು ಮಾತ್ರ ಅವಳದೇ ಹುಚ್ಚು. ಪೆರಂಬೂರು ಕಡೆ ಹಳೆಯ ರೈಲುಗಳನ್ನು ತಂದು ನಿಲ್ಲಿಸಿರುವ ಒಂದು ಜಾಗವಿದೆ. ಬಿಡುವಾದಾಗೆಲ್ಲ ಕ್ಯಾಮೆರಾ ಹೊತ್ತುಕೊಂಡು ಅಲ್ಲಿಗೆ ಓಡುತ್ತಿದ್ದಳು. ಏನು ಮಾಡುತ್ತಾಳೆ ನೋಡೋಣ ಎಂದು ಒಂದು ದಿನ ನಾನೂ ಹೋದೆ. ಆಗತಾನೆ ಮಳೆ ನಿಂತಿತ್ತು. ಮದುವೆ ಮನೆಯಲ್ಲಿ ಟಪಟಪ ಒತ್ತುವವಳು ಅಲ್ಲಿ ಒದ್ದೆ ನೆಲದ ಮೇಲೆ ಮಂಡಿಯೂರಿ ಕೂತು, ಚಕ್ರದ ಮೇಲೆ ಬಿಸಿಲು ಬೀಳಲಿ ಎಂದು ಕಾದಳು, ಕಾದಳು. ನಾನು ತಂದಿದ್ದ ಕಾಫಿಯೆಲ್ಲ ಮುಗಿಯಿತು. ಬಿಸಿಲು ಬಂತು, ಒಂದೇ ಸಲ ಒತ್ತಿದಳು, ಎದ್ದಳು.

ಕಲ್ಲಿದ್ದಲಿನ ಇಂಜಿನ್ನು ನನಗೇನೂ ಹೊಸದಲ್ಲ. ಮದುವೆಯಾಗಿ ಮಂಗಳೂರಿನಿಂದ ಮದರಾಸಿಗೆ ಬಂದದ್ದು ಅಂಥದ್ದರ ಹಿಂದೆಯೇ. ಕಿಟಕಿಯ ಹೊರಗೆ ತಲೆ ಹಾಕಿ ಕಣ್ಣಿಗೆ ಇದ್ದಿಲ ಚೂರು ಬಿದ್ದು, ಗಂಡನ ಮನೆಯ ಹೊಸ್ತಿಲು ದಾಟುವಾಗ ಒಂದು ಕಣ್ಣು ತೆರೆಯಲಾಗದೆ ಊದಿಕೊಂಡಿತ್ತು. ಅತ್ತೆ ನನ್ನನ್ನು ಮೆಳ್ಳೆಗಣ್ಣಿನವಳು ಅಂದುಕೊಂಡಿದ್ದರಂತೆ. ಆ ಇಂಜಿನ್ನಿನ ಮೇಲೆ ನನಗೆ ಯಾವ ಪ್ರೀತಿಯೂ ಇಲ್ಲ.

ಅವಳು ಫೋಟೊವನ್ನು ದೊಡ್ಡದಾಗಿ ಮಾಡಿಸಿ, ಕಟ್ಟು ಹಾಕಿಸಿ ತಂದಳು. ನೋಡಿದರೆ ಇಂಜಿನ್ನೇ ಇಲ್ಲ. ಒಂದು ಚಕ್ರ, ಅದೂ ಅರ್ಧ. ಅದಕ್ಕೆ ಅಡ್ಡಲಾಗಿ ಒಂದು ಕಬ್ಬಿಣದ ತೋಳು. ಬಣ್ಣವೂ ಇಲ್ಲ, ಬರೀ ಕಪ್ಪು ಬಿಳುಪು.

"ಇದ್ರ ಮೋರೆ ಎಲ್ಲಿತ್ತ್ ಮಾರಾಯ್ತಿ?" ಅಂದೆ.

"ಮೋರೆ ಬೇಡ ಅಜ್ಜಿ. ಎಲ್ರೂ ಅದನ್ನೇ ತೆಗೀತಾರೆ. ಓಡೋದು ಇದು ತಾನೆ? ಕೊಂಜಂ ಸುಮ್ನಿದ್ದು ನೋಡಿ."

ಸುಮ್ಮನಿದ್ದು ನೋಡಿದೆ. ಒಂದರ ಮೇಲೊಂದು ಬಳಿದ ಬಣ್ಣ ಸಿಪ್ಪೆ ಎದ್ದಿತ್ತು. ಸುತ್ತಿಗೆ ಏಟು ತಿಂದು ತಿಂದು ಬೋಲ್ಟಿನ ತಲೆ ಸವೆದಿತ್ತು. ತೋಳಿನ ತುದಿಯಲ್ಲಿ ಒಂದು ಹನಿ ನೀರು ಬೀಳಲೋ ಬೇಡವೋ ಎಂಬಂತೆ ನಿಂತಿತ್ತು. ಎತ್ತಿದರೆ ಈ ಫೋಟೊ ಕಬ್ಬಿಣದಷ್ಟೇ ಭಾರ ಇರಬೇಕು ಅನ್ನಿಸಿತು. ಅದನ್ನು ಅವಳಿಗೆ ಹೇಳಲಿಲ್ಲ.

ಊರಲ್ಲಿ ಚಿತ್ರಗಳ ಪ್ರದರ್ಶನ ನಡೆಸುವ ಒಬ್ಬರು ಹೊಸಬರ ಫೋಟೊಗಳನ್ನು ಆರಿಸುತ್ತಿದ್ದರು. ಅದುವರೆಗೆ ಇವಳು ಕಳಿಸಿದ ಕಡೆಯಿಂದೆಲ್ಲ ಬೇಡ ಎಂದೇ ಉತ್ತರ ಬಂದಿತ್ತು. ಇವರೊಬ್ಬರು, ಫೋನಿನಲ್ಲಿ ನೋಡಿದ್ದು ಸಾಲದು, ಕಣ್ಣಾರೆ ನೋಡಬೇಕು, ಹೋಟೆಲಿಗೇ ಬರುತ್ತೇನೆ ಅಂದರು. ಅವರು ಒಪ್ಪಿದರೆ ಅದು ಇವಳ ಮೊದಲ ಪ್ರದರ್ಶನ. ಮೇಲಿನ ನಮ್ಮ ಮನೆಯಲ್ಲಿ ಅಷ್ಟು ದೊಡ್ಡ ಫೋಟೊ ತೂಗಿಸುವ ಗೋಡೆಯೇ ಇಲ್ಲ. ಗಲ್ಲಾ ಹಿಂದೆ ಮಾತ್ರ ಜಾಗ, ಬೆಳಕು ಎರಡೂ ಇತ್ತು.

ನನ್ನ ಮಗ, ಅಂದರೆ ಅವಳಪ್ಪ, ಮೊಂಡು ಹಿಡಿದ. "ಗಿರಾಕಿಗಳು ಉಂಬುಕೆ ಬಪ್ಪುದೋ, ಚಕ್ರ ಕಾಂಬುಕೆ ಬಪ್ಪುದೋ? ಅಪ್ಪಯ್ಯನ ಪಟದ ಪಕ್ಕ ಇದೆಂತದ್? ಮಸಾಲೆ ದೋಸೆದ್ ನಾಲ್ಕ್ ಒಳ್ಳೆ ಫೋಟೊ ತೆಗಿ ಅಂದ್ರೆ ಇವ್ಳಿಗೆ ಆತಿಲ್ಲೆ."

"ನಿನ್ನ ಅಪ್ಪಯ್ಯ ಒಂಚೂರ್ ಆಚೆ ಸರ್ದ್ರೆ ಸಾಯೂದಿಲ್ಲ. ಮೊಳೆ ಹೊಡಿ," ಅಂದೆ.

ಸಂಜೆ ತೂಗುಹಾಕಿದೆವು. ಮಾರನೆಯ ಬೆಳಿಗ್ಗೆ ನಾನೂ ಅವಳೂ ಕೆಳಗಿಳಿದು ಬಂದು ನೋಡುತ್ತೇವೆ, ಇಂಜಿನ್ನಿಗೆ ಮಲ್ಲಿಗೆ ಮಾಲೆ! ಚಕ್ರದ ನಡುವೆ ಗಂಧ, ಅದರ ಮೇಲೆ ಕುಂಕುಮ, ಮುಂದೆ ಊದುಬತ್ತಿ. ಬೆಳಗಿನ ಜಾವ ಹೋಟೆಲು ತೆರೆದು ಪಟಗಳಿಗೆ ಪೂಜೆ ಮಾಡುವವರು ನಮ್ಮ ಅಡುಗೆಯ ಭಟ್ಟರು.

"ಭಟ್ರೇ, ಎಂತ ಮಾಡಿದ್ರಿ ಇದ್?"

"ಸಾಲಲ್ಲಿ ಮೂರಕ್ಕೆ ಹಾಕಿ ಒಂದಕ್ಕೆ ಬಿಡೂಕೆ ಆತ್ತಾ ಅಮ್ಮ? ಅದೂ ಚಕ್ರ. ಆಯುಧಪೂಜೆಗೆ ಲಾರಿಗೂ ಹಾಕೂದಿಲ್ಯಾ?"

ಇಡ್ಲಿ ತಿಂದು ಮುಗಿಸಿದ ಗಿರಾಕಿಯೊಬ್ಬರು ದುಡ್ಡು ಕೊಡುತ್ತಾ ತಗ್ಗಿದ ದನಿಯಲ್ಲಿ ಮಗನನ್ನು ಕೇಳಿದರು, ಯಾರು ಹೋಗಿಬಿಟ್ಟದ್ದು ಎಂದು. "ರೈಲು," ಅಂದ ಅವನು, ತಲೆ ಎತ್ತದೆ.

ಮಾಲೆ ತೆಗೆಯೋಣ ಅನ್ನುವಷ್ಟರಲ್ಲಿ ಆ ಪ್ರದರ್ಶನದವರು ಒಳಗೆ ಬಂದೇಬಿಟ್ಟರು. ಬಂದವರು ಗಲ್ಲಾ ಮುಂದೆ ನಿಂತು ಕುಣಿಯುವುದೊಂದು ಬಾಕಿ. ತಮಿಳಿನಲ್ಲಿ ಒಂದೇ ಸಮನೆ ಹೊಗಳಿದರು. ಏನೂ ಮುಟ್ಟಬೇಡಿ, ಮಾಲೆ, ಗಂಧ, ಊದುಬತ್ತಿ ಸಮೇತ ಹೀಗೇ ಇಡೋಣ, ಪ್ರದರ್ಶನದ ಬಾಗಿಲಲ್ಲೇ ಇಡೋಣ, ಜನ ನಿಂತು ನೋಡುತ್ತಾರೆ ಅಂದರು. ಮಗನ ಮುಖ ಅರಳಿತು. ದಿನಾ ಬಂದು ಮಾಲೆ ಬದಲಿಸಿಕೊಡುತ್ತೇನೆ ಎಂದು ಭಟ್ಟರೂ ಮುಂದೆ ಬಂದರು.

ಮೊಮ್ಮಗಳು "ಸರಿ ಸರ್" ಅಂದಿದ್ದರೆ ಆಗಿಹೋಗುತ್ತಿತ್ತು.

ಅವಳು ಸ್ಟೂಲು ಎಳೆದು ಹತ್ತಿದಳು. ನಾನು ಸ್ಟೂಲು ಹಿಡಿದುಕೊಂಡೆ. ಮಾಲೆ ತೆಗೆದು ನನ್ನ ಕೈಗೆ ಕೊಟ್ಟಳು. ದುಪ್ಪಟ್ಟಾದಲ್ಲಿ ಗಾಜು ಒರೆಸಿದಳು. ಅಲ್ಲಿಂದಲೇ ತಿರುಗಿ ತಮಿಳಿನಲ್ಲಿ ಹೇಳಿದಳು: "ಸರ್, ಅದು ನಮ್ಮ ಭಟ್ಟರ ಕೆಲಸ. ನನ್ನ ಕೆಲಸ ಇದು. ಇದನ್ನು ನೋಡಿ. ಹಿಡಿಸಿದರೆ ತಗೊಳ್ಳಿ, ಇಲ್ಲದಿದ್ದರೆ ಕಾಫಿ ಕುಡಿದು ಹೋಗಿ."

ಮಗ ಹಣೆ ಚಚ್ಚಿಕೊಂಡ. ನನಗೆ ಮಾತ್ರ ಎದೆ ತುಂಬಿ ಬಂತು. ನಾನು ಓದಿದ್ದು ನಾಲ್ಕನೇ ಕ್ಲಾಸು; ಇಷ್ಟು ನೆಟ್ಟಗೆ ಮಾತಾಡುವುದನ್ನು ಅವಳಿಗೆ ಕಲಿಸಿದ್ದು ಯಾವ ಕಾಲೇಜೂ ಅಲ್ಲ, ನಾನು.

ಆ ಮನುಷ್ಯ ಕಾಫಿ ಲೋಟ ಹಿಡಿದು ನಿಂತರು. ಕಾಫಿಗೆ ಕೆನೆ ಕಟ್ಟಿತು, ಕುಡಿಯಲಿಲ್ಲ. ಹತ್ತಿರ ಹೋದರು, ದೂರ ಬಂದರು, ಆ ನೀರಿನ ಹನಿಯ ಮುಂದೆ ಬಗ್ಗಿ ನಿಂತರು. ಕೊನೆಗೆ, "ಕಳಿಸಿಕೊಡಮ್ಮ. ಹೀಗೇ," ಅಂದರು.

"ಹೀಗೇ ಅಂದ್ರೆ ಹೇಗೆ?" ನಾನು ಬಿಡಲಿಲ್ಲ.

"ಮಾಲೆ ಇಲ್ಲದೆ, ಪಾಟಿ," ಎಂದು ನಕ್ಕರು. ಪಾಟಿ ಅಂದರೆ ತಮಿಳಿನಲ್ಲಿ ಅಜ್ಜಿ.

ಪ್ರದರ್ಶನಕ್ಕೆ ರೇಷ್ಮೆ ಸೀರೆ ಉಟ್ಟುಕೊಂಡೇ ಹೋದೆ. ಫೋಟೊವನ್ನು ಬಾಗಿಲಲ್ಲಿ ಇಟ್ಟಿರಲಿಲ್ಲ, ಒಳಗಿನ ಕೋಣೆಯಲ್ಲಿ ಒಳ್ಳೆಯ ಬೆಳಕು ಬಿಟ್ಟು ತೂಗಿಸಿದ್ದರು. ಕೆಳಗೆ ಅವಳ ಹೆಸರು. ಜನ ಬಂದು ನಿಲ್ಲುತ್ತಿದ್ದರು. ಯಾರು ನಿಂತರೂ, "ತೆಗೆದದ್ದು ನನ್ನ ಮೊಮ್ಮಗಳು," ಎಂದು ಹೇಳಿದೆ. ಕೇಳಿದವರಿಗೂ ಹೇಳಿದೆ, ಕೇಳದವರಿಗೂ ಹೇಳಿದೆ.

ಹತ್ತಿರ ಹೋಗಿ ನೋಡಿದರೆ ಕಟ್ಟಿನ ಮೂಲೆಯಲ್ಲಿ, ಅವತ್ತು ಒರೆಸುವಾಗ ಉಳಿದ ಒಂದು ಚೂರು ಗಂಧ ಹಾಗೇ ಒಣಗಿ ಕೂತಿತ್ತು. ಸೆರಗು ಹಿಡಿದು ಕೈ ಚಾಚಿದೆ. ಕಾವಲಿನವನು ಓಡಿ ಬಂದ.

"ಪಾಟಿ, ತೊಡಾದೀಂಗ!"

"ನನ್ನ ಮೊಮ್ಮಗಳದ್ದಪ್ಪ ಇದು."

ಯಾರದಾದರೇನು, ಮುಟ್ಟುವ ಹಾಗಿಲ್ಲ ಅಂದ. ಅವನ ಕೆಲಸ ಅವನು ಮಾಡಿದ. ನಾನೂ ಉಗುರಿನಿಂದ ಆ ಗಂಧವನ್ನು ಕೆರೆದು ತೆಗೆದೇ ಕೈ ಹಿಂದಕ್ಕೆ ತಂದೆ. ಆಮೇಲೆ ಅಲ್ಲಿ ಉಳಿದದ್ದು ಅವಳು ತೆಗೆದದ್ದು ಮಾತ್ರ.