ಸಂತೆಯಲ್ಲಿ ಸಿಗದ ಕವದಿ

ಬೆಳಗಿನ ಆರು ಗಂಟೆ. ಮಣಿಪಾಲದ ನಾಟಕ ತಂಡವೊಂದರ ಸಾಮಾನು ಕೋಣೆಯ ಮೆಟ್ಟಿಲ ಮೇಲೆ ಕುಳಿತು ಹನುಮವ್ವ ಕವದಿಗೆ ಹೊಲಿಗೆ ಹಾಕುತ್ತಿದ್ದಾರೆ. ಹಳೆಯ ಸೀರೆ, ಧೋತರಗಳ ತುಂಡುಗಳನ್ನು ಪದರ ಪದರವಾಗಿ ಜೋಡಿಸಿ ಹೊಲಿದ ಹೊದಿಕೆ ಅದು. ಒಂದು ಮೂಲೆ ಗೇಣುದ್ದ ಹರಿದಿದೆ. ಪಕ್ಕದಲ್ಲಿ ಇಸ್ತ್ರಿಪೆಟ್ಟಿಗೆಯ ಕೆಂಡ ಕಾಯುತ್ತಿದೆ. ಸಂಜೆ ಕಾರ್ಕಳದಲ್ಲಿ ಪ್ರದರ್ಶನ. ಹನ್ನೊಂದಕ್ಕೆ ಟೆಂಪೋ ಬರುವುದರೊಳಗೆ ಮೂವತ್ತೊಂದು ಉಡುಪುಗಳು ಮಡಚಿಕೊಂಡು ಟ್ರಂಕು ಸೇರಬೇಕು.

ಹನುಮವ್ವ ರೋಣದ ಕಡೆಯವರು. ಗಂಡ ಮಲ್ಲಿನಾಥನ ಜೊತೆ 1994ರಲ್ಲಿ ಕಟ್ಟಡ ಕೆಲಸಕ್ಕೆಂದು ಇಲ್ಲಿಗೆ ಬಂದರು. ನಾಲ್ಕು ಮಹಡಿ ಇಟ್ಟಿಗೆ ಹೊತ್ತು ಹೊತ್ತು ಮಂಡಿ ಸೋತ ಮೇಲೆ, ತಂಡದವರು ತಾಲೀಮು ನಡೆಸುವ ಸಭಾಂಗಣದ ಕಸ ಗುಡಿಸಲು ಸೇರಿಕೊಂಡರು. ಗುಡಿಸುತ್ತಾ ಗುಡಿಸುತ್ತಾ ಅಲ್ಲಿ ಬಿದ್ದ ಗುಂಡಿಗಳನ್ನು ಹೆಕ್ಕಿ ತಾವೇ ಅಂಗಿಗಳಿಗೆ ಹೊಲಿದಿಟ್ಟರು. ನಿರ್ದೇಶಕಿ ವಿನೋದಾ ಅದನ್ನು ನೋಡಿ ಉಡುಪಿನ ಟ್ರಂಕನ್ನೇ ಅವರ ಕೈಗೆ ಕೊಟ್ಟುಬಿಟ್ಟರು. ಐದು ವರ್ಷ, ನಾಲ್ಕು ನಾಟಕ, ನೂರಾ ಹದಿನೆಂಟು ಪ್ರದರ್ಶನ. ಇಷ್ಟರಲ್ಲಿ ಒಬ್ಬ ನಟನ ಒಂದು ಗುಂಡಿಯೂ ರಂಗದ ಮೇಲೆ ಕಿತ್ತುಬಂದಿಲ್ಲ.

ಆದರೆ ಹೊಗಳಿದರೆ ಅವರು ತಲೆ ತಗ್ಗಿಸುತ್ತಾರೆ. ಅದು ಸಂಕೋಚ ಎಂದುಕೊಂಡರೆ ನಾವು ಮೋಸಹೋದಂತೆ.

ಮೂರು ವರ್ಷದ ಹಿಂದೆ ತಂಡ ಹೊಸ ನಾಟಕ ಕಟ್ಟಿತು. ಅದರಲ್ಲಿ ಹಳ್ಳಿಯಿಂದ ತಾಯಿ ತನ್ನ ಕವದಿ ಹೊತ್ತುಕೊಂಡು ದೊಡ್ಡ ಕೆಲಸದ ಮಗನ ಮನೆಗೆ ಬರುತ್ತಾಳೆ. ಮಗ ಸ್ನೇಹಿತರ ಎದುರು ಅದನ್ನು ಕಾಲಿನಿಂದ ಒದ್ದು, “ಇದು ನಮ್ಮದಲ್ಲ” ಎನ್ನುತ್ತಾನೆ. ಆ ದೃಶ್ಯಕ್ಕೆ ಹಳೆಯ ಕವದಿ ಬೇಕಿತ್ತು. ಹನುಮವ್ವ ತಮ್ಮ ಮನೆಯದನ್ನೇ ತಂದರು. ತಾಯಿ ಫಕೀರವ್ವ ಸಾಯುವ ವರ್ಷ ಹೊಲಿದುಕೊಟ್ಟದ್ದು, ಹನುಮವ್ವನ ಇಬ್ಬರು ಮಕ್ಕಳು ಮಲಗಿ ಬೆಳೆದದ್ದು.

ಮೊದಲ ಪ್ರದರ್ಶನದ ದಿನ ಬಣ್ಣದ ಕೋಣೆಯಲ್ಲಿ ಮಗನ ಪಾತ್ರದ ವಿಕಾಸ್ ಅದನ್ನು ಎತ್ತಿ ಮೂಗು ಮುಚ್ಚಿಕೊಂಡರು. “ಎಂತ ವಾಸನೆ ಮಾರಾಯ! ಯಾರದ್ದು ಇದು?” ಐದಾರು ಜನ ನಕ್ಕರು.

“ಸಂತ್ಯಾಗ ತಂದೇನ್ರಿ, ನಮ್ಮದಲ್ಲ” ಎಂದರು ಹನುಮವ್ವ.

ಆದಿ ಉಡುಪಿಯ ಸಂತೆಯಲ್ಲಿ ಮಟ್ಟುಗುಳ್ಳ ಬದನೆ ಸಿಗುತ್ತದೆ, ಒಣಮೀನು ಸಿಗುತ್ತದೆ. ಕವದಿ ಎಲ್ಲಿ ಸಿಗಬೇಕು? ಯಾರೂ ಕೇಳಲಿಲ್ಲ. ಅರ್ಧ ಗಂಟೆಯ ಮೇಲೆ, ಪರದೆಯ ಮರೆಯಲ್ಲಿ ನಿಂತ ಹನುಮವ್ವನ ಕಿವಿಗೆ ರಂಗದಿಂದ ಅದೇ ಮಾತು ಬಿತ್ತು.

“ಮೈ ತುಂಬ ಕೆಂಡ ಸುರುವಿದಂಗಾತ್ರಿ. ಆ ಮಗಾ ಅನ್ನೂಕಿಂತ ಮೊದಲ ನಾ ಅಂದಿದ್ದೆ. ಅಂವಂದು ನಾಟಕ. ನಂದು?” ಎಂದು ಹನುಮವ್ವ ಈಗ ಕೇಳುತ್ತಾರೆ.

ಆಮೇಲೆ ಪ್ರತಿ ಪ್ರದರ್ಶನಕ್ಕೂ ಆ ಕವದಿಯನ್ನು ರಂಗದ ಬಾಗಿಲವರೆಗೆ ತಂದುಕೊಡುವುದು ಅವರದೇ ಕೆಲಸವಾಯಿತು. ನಲವತ್ತು ಸಲ ಕೊಟ್ಟರು, ನಲವತ್ತು ಸಲ ಆ ಮಾತು ಕೇಳಿದರು. ಮನೆಗೆ ಹೋಗಿ ಗಂಡನಿಗೂ ಹೇಳಲಿಲ್ಲ. ಹೇಳುವ ಮುಖ ಇರಲಿಲ್ಲ ಎನ್ನುತ್ತಾರೆ.

ಕಳೆದ ವಾರ ಎರ್ಮಾಳಿನ ಪ್ರದರ್ಶನದಲ್ಲಿ ಒದೆಯುವಾಗ ವಿಕಾಸ್‌ರ ಕಾಲು ಸಿಕ್ಕಿಕೊಂಡು ಕವದಿ ಹರಿಯಿತು. ಒಳಗೆ ಬಂದವರೇ, “ಇದನ್ನು ಬಿಸಾಡಿ ಹನುಮವ್ವ. ಸಂತೆಯಲ್ಲಿ ಬೇರೆ ಉಂಟಲ್ವಾ?” ಎಂದರು.

ಹನುಮವ್ವ ಕವದಿಯನ್ನು ಎದೆಗೆ ಒತ್ತಿಕೊಂಡರು. “ಇದು ಸಂತ್ಯಾಗ ಸಿಗೂದಿಲ್ರಿ. ನಮ್ಮವ್ವ ಹೊಲದದ್ದು. ಅವತ್ತ ನಾಚಿ ಸುಳ್ಳ ಹೇಳೀನಿ.”

ವಿಕಾಸ್‌ರ ಮುಖ ಬಣ್ಣದ ಅಡಿಯಲ್ಲೂ ಕೆಂಪಾದದ್ದು ಕಾಣುತ್ತಿತ್ತು. “ಇನ್ನು ಇದನ್ನು ಒದೆಯಲಿಕ್ಕೆ ನನ್ನಿಂದ ಆಗುವುದಿಲ್ಲ” ಎಂದರು. ಹನುಮವ್ವ ಒಪ್ಪಲಿಲ್ಲ. “ಒದೀರಿ ಸರ. ಅದು ನಿಮ್ಮ ಕೆಲಸ. ನೀವು ಒದ್ದಾಗ ಮಂದಿ ತೆಲಿ ತಗ್ಗಿಸ್ತಾರ. ತಗ್ಗಿಸ್ಲಿ. ನನ್ನಂಥೋರು ಅಲ್ಲೂ ಕುಂತಿರ್ತಾರ.”

ಕೊನೆಯ ಗಂಟು ಹಾಕಿ ಹನುಮವ್ವ ಕೆಂಪು ದಾರವನ್ನು ಹಲ್ಲಿನಿಂದ ಕಡಿಯುತ್ತಾರೆ. ಹರಿದ ಜಾಗ ಎದ್ದು ಕಾಣುತ್ತದೆ, ಅದನ್ನು ಮುಚ್ಚುವ ಪ್ರಯತ್ನ ಅವರು ಮಾಡಿಲ್ಲ. ಅಷ್ಟರಲ್ಲಿ ವಿನೋದಾ ಬಂದು, ನಾಟಕ ಮುಗಿದ ಮೇಲೆ ರಂಗದಲ್ಲಿ ಎಲ್ಲರನ್ನೂ ಪರಿಚಯಿಸುವಾಗ ಇಂದು ನಿಮ್ಮ ಹೆಸರನ್ನೂ ಹೇಳುತ್ತೇನೆ, ಬಂದು ನಿಲ್ಲಬೇಕು ಎನ್ನುತ್ತಾರೆ. ಐದು ವರ್ಷದಲ್ಲಿ ಹೊಳೆಯದ ಮಾತು ಈಗ ಹೊಳೆದದ್ದಕ್ಕೆ ಅವರ ದನಿಯಲ್ಲೂ ನಾಚಿಕೆ ಇದೆ.

ಹನುಮವ್ವ ಕವದಿ ಮಡಚಿ ತೊಡೆಯ ಮೇಲೆ ಇಟ್ಟುಕೊಳ್ಳುತ್ತಾರೆ.

“ನನ್ನ ಹೆಸರು ಬ್ಯಾಡ್ರಿ ಅಕ್ಕಾರ. ಕವದಿ ಹೊಲದಾಕಿ ಫಕೀರವ್ವ ಅಂತ ಹೇಳ್ರಿ. ನಾ ಬಂದು ನಿಂದರ್ತೀನಿ. ಯಾರ ಮಗಳು ಅಂತ ಕೇಳಿದ್ರ ನಾನ ಹೇಳ್ತೀನಿ.”