ಮಂಗಳ ಗ್ರಹದ ಎಮ್ಮೆ

ಸಂತೆಬಾಚಹಳ್ಳಿಯ ಹತ್ತಿರದ ಊರೊಂದರ ಹಾಲಿನ ಡೈರಿಯಲ್ಲಿ ದೇವರಾಜು ಟೆಸ್ಟರು. ಬೆಳಗ್ಗೆ, ಸಂಜೆ ಊರವರ ಹಾಲಿಗೆ ಲ್ಯಾಕ್ಟೋಮೀಟರು ಇಳಿಬಿಟ್ಟು ನೀರೆಷ್ಟು, ಗಟ್ಟಿಯೆಷ್ಟು ಎಂದು ಹೇಳುವ ಕೆಲಸ. ಮಧ್ಯಾಹ್ನ ಮಾತ್ರ ಆಸಾಮಿ ಭೂಮಿಯ ಮೇಲೆ ಇರುತ್ತಿರಲಿಲ್ಲ. ಎಂಟು ವರ್ಷದಿಂದ ವೈಜ್ಞಾನಿಕ ಕಥೆ ಬರೆದು ಪತ್ರಿಕೆಗಳಿಗೆ ಕಳಿಸುತ್ತಿದ್ದ. ಕಳಿಸಿದ್ದೆಲ್ಲ ಗೋಡೆಗೆ ಎಸೆದ ಚೆಂಡಿನಂತೆ ವಾಪಸು ಬರುತ್ತಿತ್ತು.

ಹಾಲಿನವನ ಬುದ್ಧಿ ಹಾಲಿನ ಕಡೆಗೇ ತಾನೆ ಓಡುವುದು? ಕಥೆ ತೆಳ್ಳಗಾಗಿದೆ, ಲ್ಯಾಕ್ಟೋಮೀಟರು ಇಳಿಬಿಟ್ಟರೆ ಡಿಗ್ರಿ ಸಾಲದು ಎಂದುಕೊಂಡ. ಕೆ.ಆರ್. ಪೇಟೆಯ ಲೈಬ್ರರಿಯಿಂದ ವಿಜ್ಞಾನದ ಪುಸ್ತಕ ತಂದು ಗುರುತ್ವಾಕರ್ಷಣೆ, ವಿಕಿರಣ, ಪರಮಾಣು ಸ್ಥಾವರ ಎಂದು ಸುರಿದೇ ಸುರಿದ. ಪುಟಕ್ಕೆ ಇಪ್ಪತ್ತು ಕಷ್ಟದ ಪದ ಇರಲೇಬೇಕು. ಕೆಂಪು ಇಂಕಿನಲ್ಲಿ ಗೆರೆ ಎಳೆದು ಎಣಿಸುವನು. ಅವನ ಹೆಂಡತಿ ಪ್ರಮೀಳಾ ಎರಡನೆಯ ಪುಟಕ್ಕೇ ಆಕಳಿಸುವಳು.

ತೊಂಬತ್ತಾರನೇ ಇಸವಿಯಲ್ಲಿ ಒಂದು ದಿನ ಅವಳು ಅಂದೇಬಿಟ್ಟಳು. "ಇದ್ರಾಗೆ ಒಬ್ರೂ ಉಣ್ಣಾಕಿಲ್ಲ, ಅಳಾಕಿಲ್ಲ. ಬರೀ ಮಿಷನ್ನು. ಯಾರ್ಗೆ ಏನಾಯ್ತದೆ ಅಂತ ನಾನು ಕೇಳ್ಕೊಂಡು ಕೂತ್ಕಳ್ಲಿ?"

ಮಾತು ನಾಟಿತು. ಇನ್ನೊಂದೇ ಕಥೆ, ಅದನ್ನೂ ಇವಳು ಕೊನೆತನಕ ಕೇಳದಿದ್ದರೆ ಪೆನ್ನು ಮುಟ್ಟುವುದಿಲ್ಲ ಎಂದು ಶಪಥ ಮಾಡಿದ. ಶಪಥವೇನೋ ಸುಲಭ. ಹದಿನೈದು ದಿನ ಒಂದು ಸಾಲೂ ಹೊರಡಲಿಲ್ಲ.

ಅಷ್ಟರಲ್ಲಿ ಮನೆಯ ಎಮ್ಮೆಯ ಕರು ಸತ್ತುಹೋಯಿತು. ಏನು ಮಾಡಿದರೂ ಎಮ್ಮೆ ಹಾಲು ಇಳಿಸಲೊಲ್ಲದು. ಎಲ್ಲರೂ ಮಾಡುವಂತೆ ಇವರೂ ಸತ್ತ ಕರುವಿನ ಚರ್ಮಕ್ಕೆ ಹುಲ್ಲು ತುಂಬಿಸಿ ಹೊಲಿಸಿದರು. ಪ್ರಮೀಳಾ ಅದನ್ನು ದಿನಾ ಎಮ್ಮೆಯ ಮುಂದೆ ನಿಲ್ಲಿಸುವಳು. ಎಮ್ಮೆ ನೆಕ್ಕುವುದು, ಹಾಲು ಇಳಿಯುವುದು. ಕರೆಯುವಷ್ಟು ಹೊತ್ತೂ ಪ್ರಮೀಳಾ ಎಮ್ಮೆಯ ಮುಖ ನೋಡುತ್ತಿರಲಿಲ್ಲ. ಒಂದು ಬೆಳಗ್ಗೆ ಅದು ದೇವರಾಜುವಿನ ಕಣ್ಣಿಗೆ ಬಿತ್ತು. ಎಂಟು ವರ್ಷ ಆಕಾಶ ನೋಡುತ್ತಿದ್ದವನು ಸ್ವಂತ ಕೊಟ್ಟಿಗೆಯನ್ನು ನೆಟ್ಟಗೆ ನೋಡಿದ್ದು ಅವತ್ತೇ.

ನಾಲ್ಕೇ ದಿನದಲ್ಲಿ ಕಥೆ ಮುಗಿಯಿತು. ಮಂಗಳ ಗ್ರಹದಲ್ಲಿ ಒಬ್ಬ ಹೆಂಗಸು, ಒಂದು ಎಮ್ಮೆ, ಅದನ್ನು ನಂಬಿಸಲು ಒಂದು ಯಂತ್ರದ ಕರು. ಕಷ್ಟದ ಪದ ಎಣಿಸುವುದೇ ಅವನಿಗೆ ಮರೆತುಹೋಗಿತ್ತು.

ಭಾನುವಾರ ಮಧ್ಯಾಹ್ನ ಓದಲು ಕೂತ. ಪ್ರಮೀಳಾ ಅವರೆಕಾಯಿ ಸುಲಿಯುತ್ತಿದ್ದಳು. ಎರಡನೆಯ ಪುಟ ದಾಟಿತು, ಆಕಳಿಕೆ ಬರಲಿಲ್ಲ. ಮೂರನೆಯದಕ್ಕೆ ಅವಳ ಕೈ ನಿಂತಿತು. ಮಂಗಳದ ಹೆಂಗಸು ಎಮ್ಮೆಯ ಹಣೆ ಸವರುತ್ತ ನಿಂತಲ್ಲಿಗೆ ದೇವರಾಜು ಹಾಳೆ ಮಡಚಿದ.

"ಆಮ್ಯಾಕೆ?" ಎಂದಳು ಪ್ರಮೀಳಾ.

ಅವನಿಗೆ ಎದೆ ತುಂಬಿ ಬಂತು. ಇಷ್ಟು ವರ್ಷದಲ್ಲಿ ಒಬ್ಬರೂ ಕೇಳದ ಮಾತು ಅದು.

"ಅಷ್ಟೇ ಕಣೆ ಬರ್ದಿರೋದು. ಇದು ನಿನ್ ಕರು ಅಲ್ಲ ಅಂತ ಯೋಳ್ಬೇಕೋ ಬ್ಯಾಡ್ವೋ ಅಂತ ನಿಂತ್ಬುಟ್ಟವ್ಳೆ."

ಪ್ರಮೀಳಾ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಅವಳಾದ್ರೂ ಯೋಳ್ಬುಡ್ಲಿ ಕಣ್ರೀ. ನನ್ ಕೈಲಂತೂ ಆಗ್ನಿಲ್ಲ."