ಸೋಮವಾರದ ನೀಲಿ ಮೊಸರು

ದೀರ್ಘಕಾಲದ ರೋಗಿಗಳ ವಾರ್ಡಿನಲ್ಲಿ ದುಡಿದರೆ ತಾಳ್ಮೆ ಬರುತ್ತದಂತೆ. ನನಗೆ ಬಂದದ್ದು ಸಿಟ್ಟು. ಹುಬ್ಬಳ್ಳಿಯಲ್ಲಿ ನರ್ಸಿಂಗ್ ಕಲಿತು, ಎರಡು ಸಾವಿರನೇ ಇಸವಿಯ ನಂತರದ ವರ್ಷಗಳಲ್ಲಿ ದಕ್ಷಿಣ ಆಕ್ಲೆಂಡಿನ ಆಸ್ಪತ್ರೆಯೊಂದಕ್ಕೆ ಸೇರಿದ್ದೆ. ನಮ್ಮಲ್ಲಿಗೆ ಬರುತ್ತಿದ್ದವರು ಐಸಿಯುನಲ್ಲಿ ಬದುಕಿ ಉಳಿದವರು, ಆದರೆ ಮನೆಗೆ ಹೋಗುವಷ್ಟು ಚೇತರಿಸಿಕೊಳ್ಳದವರು. ಕೊರಳಲ್ಲಿ ದನಿಯನ್ನೂ ಕಿತ್ತುಕೊಳ್ಳುವ ಉಸಿರಿನ ಕೊಳವೆ, ಮೂಗಿನಲ್ಲಿ ಊಟದ ಕೊಳವೆ, ವಾರಗಟ್ಟಲೆ ಅದೇ ಹಾಸಿಗೆ.

ಅಂಥದ್ದೊಂದು ಹಾಸಿಗೆಗೆ ಧಾರವಾಡದ ಕಡೆಯ ಒಬ್ಬ ಅಜ್ಜಿ ಬಂದರು. ಅಲ್ಲೇ ಹತ್ತಿರದ ಬಾಟನಿ ಡೌನ್ಸ್ ಬಡಾವಣೆಯಲ್ಲಿದ್ದ ಅವರ ಮಗನಿಗೆ ನಾನು ಕನ್ನಡದವಳೆಂದು ತಿಳಿದದ್ದೇ ತಡ, ನನ್ನನ್ನು ಗುತ್ತಿಗೆ ಹಿಡಿದವನಂತೆ ಆಡತೊಡಗಿದ. ರಜೆಯ ದಿನ ಅಂಗಡಿಯಲ್ಲಿ ಈರುಳ್ಳಿ ಆರಿಸುತ್ತಿದ್ದರೂ ಫೋನು. ನೀವು ನಮ್ಮ ಕಡೆಯವರು, ನೀವೇ ಡಾಕ್ಟರಿಗೆ ಹೇಳಬೇಕು ಎನ್ನುತ್ತಿದ್ದ. ನಾನು ಹೇಳಿದರೆ ಕೇಳುವ ಡಾಕ್ಟರು ಯಾವ ಲೋಕದಲ್ಲಿದ್ದಾರೋ.

ಅಜ್ಜಿ ಮನೆಗೆ ಹೋಗಬೇಕಾದರೆ ಬಾಯಿಂದ ನುಂಗಬೇಕಿತ್ತು. ನುಂಗುವುದನ್ನು ಪರೀಕ್ಷಿಸುವ ಥೆರಪಿಸ್ಟ್ ನಮ್ಮ ವಾರ್ಡಿಗೆ ಬರುತ್ತಿದ್ದದ್ದು ಸೋಮವಾರ ಬೆಳಿಗ್ಗೆ ಮಾತ್ರ. ನೀಲಿ ಬಣ್ಣ ಬೆರೆಸಿದ ಮೊಸರನ್ನು ಒಂದು ಚಮಚ ತಿನ್ನಿಸಬೇಕು. ಕೊರಳ ಕೊಳವೆಯಲ್ಲಿ ನೀಲಿ ಕಂಡರೆ ಊಟ ಶ್ವಾಸಕೋಶಕ್ಕೆ ಹೋಗುತ್ತಿದೆ ಎಂದರ್ಥ. ಅಜ್ಜಿ ಬಾಯಿಯನ್ನೇ ತೆರೆಯುತ್ತಿರಲಿಲ್ಲ. ವಾರದ ಮೇಲೆ ವಾರ ಅದೇ ಹಾಡು. ಕೊನೆಗೆ ಡಾಕ್ಟರುಗಳು, ಹೊಟ್ಟೆಗೇ ಶಾಶ್ವತ ಕೊಳವೆ ಹಾಕಿ ವೃದ್ಧರ ಆರೈಕೆ ಮನೆಗೆ ಕಳಿಸೋಣ ಎಂದು ನಿಶ್ಚಯಿಸಿದರು. ಸೊಸೆ ನನ್ನೆದುರು ಅತ್ತಳು.

ಪ್ರತಿ ಸೋಮವಾರ ನನಗೆ ರಜೆ. ಆ ಸೋಮವಾರ ಜೊತೆಯವಳೊಬ್ಬಳಿಗೆ ಜ್ವರ ಬಂದು ನನ್ನನ್ನು ಕರೆಸಿದ್ದರು. ಗೊಣಗುತ್ತಲೇ ಹೋದೆ. ಥೆರಪಿಸ್ಟ್ ಪಾಪ, ನಯವಾಗಿ ಚಮಚ ಹಿಡಿದಿದ್ದಳು. ಅಜ್ಜಿ ತುಟಿ ಬಿಗಿದು ಮುಖ ತಿರುಗಿಸಿದರು. ಹಣೆಯ ಮೇಲೆ ಸೊಸೆ ಹಚ್ಚಿಹೋಗಿದ್ದ ವಿಭೂತಿ. ನಾನು ಚರ್ಚಿಗೆ ಹೋಗುವವಳಾದರೂ ಬೆಳೆದದ್ದು ಲಿಂಗಾಯತರ ಓಣಿಯಲ್ಲಿ. ಫಕ್ಕನೆ ಹೊಳೆಯಿತು.

"ಅಮ್ಮಾರ, ಇವತ್ತ ಒಪ್ಪತ್ತೇನ್ರಿ?"

ಅಜ್ಜಿ ಹೌದೆಂದು ತಲೆಯಾಡಿಸಿದರು. ಸಂಜೆ ಪೂಜೆಯಾಗುವ ತನಕ ಬಾಯಿಗೆ ಏನೂ ಹಾಕುವುದಿಲ್ಲ! ಮೂಗಿನ ಕೊಳವೆಯಿಂದ ಹೊಟ್ಟೆಗೆ ಹಾಲು ಇಳಿಯುತ್ತಲೇ ಇದೆಯಲ್ಲ, ಅದು ಉಪವಾಸ ಮುರಿದಂತಲ್ಲವೇ ಎಂದು ಕೇಳಿದೆ. ಅದು ಔಷಧ ಎಂಬಂತೆ ಮಾತ್ರೆಗಳ ಕಡೆ ಬೆರಳು ತೋರಿಸಿದರು. ನನಗೆ ತಲೆ ಚಚ್ಚಿಕೊಳ್ಳುವಂತಾಯಿತು.

ಮಗನಿಗೆ ಫೋನು ಮಾಡಿದೆ. "ಹೌದ್ರಿ ಸಿಸ್ಟರ್, ಅವ್ವ ಮೊದಲಿಂದನೂ ಸೋಮವಾರ ಮಾಡ್ತಾಳ. ದವಾಖಾನಿಯೊಳಗೂ ಮಾಡ್ತಾಳಂತ ಯಾರಿಗೆ ಗೊತ್ತು?" ಅಂದ. ಇವನಿಗೆ ಸೋಮವಾರವೆಂದರೆ ಆಫೀಸಿನ ಮೀಟಿಂಗು. ಈರುಳ್ಳಿ ಅಂಗಡಿಯವರೆಗೂ ನನ್ನನ್ನು ಬೆನ್ನಟ್ಟಿದ ಮಹಾಶಯನಿಗೆ ಇದೊಂದು ಮಾತು ಹೇಳಲು ತೋಚಿರಲಿಲ್ಲ.

ಥೆರಪಿಸ್ಟ್‌ಗೆ ಮಂಗಳವಾರ ಬೇರೆ ಆಸ್ಪತ್ರೆ. ಅವಳನ್ನು, ಅವಳ ಮೇಲಿನವರನ್ನು, ಮೇಲಿನವರ ಮೇಲಿನವರನ್ನು ಕಾಡಿ ಬೇಡಿ ಒಪ್ಪಿಸಿದೆ. ಮರುದಿನ ತನ್ನ ಊಟದ ಬಿಡುವಿನಲ್ಲಿ ಬಂದಳು. ಅಜ್ಜಿ ಬಾಯಿ ತೆರೆದರು, ನುಂಗಿದರು, ಮತ್ತೊಂದು ಚಮಚಕ್ಕೆ ಕಾದರು. ಆಮೇಲೆ ಎಷ್ಟು ಸಲ ಕೊರಳ ಕೊಳವೆ ನೋಡಿದರೂ ನೀಲಿ ಕಾಣಲಿಲ್ಲ. ಹೊಟ್ಟೆಗೆ ಕೊಳವೆ ಹಾಕುವ ಮಾತು ಅಲ್ಲಿಗೆ ನಿಂತಿತು.

ಕೆಲವು ದಿನಗಳ ನಂತರ ಕೊರಳ ಕೊಳವೆಗೆ ಮಾತಾಡಲು ಅನುವಾಗುವ ಮುಚ್ಚಳ ಹಾಕಿದರು. ಒಡಕು ದನಿ ಬಂತು. ಅಷ್ಟು ದಿನ ಹಿಡಿದಿಟ್ಟ ಸಿಟ್ಟನ್ನು ನಾನು ಆಗ ಹೊರಹಾಕಿದೆ.

"ಹೊಟ್ಟಿಗೆ ತೂತು ಹಾಕಾಕ ಹೊಂಟಿದ್ರು ಅಮ್ಮಾರ. ಒಂದು ಮಾತು ಹೇಳಬಾರದಿತ್ತೇನ್ರಿ?"

"ಹೇಳಿದೆನವ್ವಾ," ಅಂದರು ಅಜ್ಜಿ. "ದನಿ ಇಲ್ಲದಿದ್ರೂ ತುಟಿ ಅಲ್ಲಾಡಿಸಿ ದಿನಾ ಹೇಳಿದೆ, ನಿನಗೂ ಹೇಳಿದೆ. ನೀವೆಲ್ಲಾರೂ ನನ್ನ ಕೊರಳ ನೋಡತಿದ್ರಿ. ಬಾಯಿ ಯಾರು ನೋಡಿದ್ರಿ?"